ಬಿಳಿ ಕಾರಿನ ಓಣಿ

ನನ್ನ ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿದದ್ದು ಊರಾಚೆಯ ಏರಿನಲ್ಲಿ, ಜಲ್ಲಿ ತುಂಬಿದ ಲಾರಿಯೊಂದರ ಹಿಂದೆ ಹೋಗುತ್ತಿದ್ದಾಗ. ಕಲ್ಲು ದೊಡ್ಡದಲ್ಲ. ಗಾಜಿನ ಎಡಗಡೆಯ ಕೆಳಮೂಲೆಯಲ್ಲಿ ಕಡಲೆಕಾಳಿನಷ್ಟು ಬಿಳಿ ಗುರುತು ಬಿತ್ತು, ಅಷ್ಟೆ. ಅದೇ ಸಂಜೆ ಹತ್ತಿ ಮಂಡಿಯ ಉದ್ದನೆಯ ಹಿಂಗೋಡೆಯಲ್ಲಿ, ಅದುವರೆಗೆ ಬರೀ ಕಲ್ಲಿದ್ದ ಜಾಗದಲ್ಲಿ, ನಾಲ್ಕೈದು ಜನ ನಿಲ್ಲಬಹುದಾದ ಚೌಕವೊಂದು ತೆರೆದುಕೊಂಡಿತ್ತು. ಪುರಸಭೆಯವರು ಮರುದಿನ ಅದನ್ನು ನೋಡಿ, ಊರಿನಲ್ಲಿ ಹೊಸದಾಗಿ ಗಾಜು ಒಡೆದುಕೊಂಡವರು ಯಾರೆಂದು ವಿಚಾರಿಸುತ್ತ ನನ್ನ ಮನೆಗೆ ಬಂದರು. ಗಾಜಿನ ಮೇಲೆ ಬೆರಳಿಟ್ಟು ನೋಡಿದರು. ಹೋಗಿ ಗೋಡೆಗೆ ನೀಲಿ ತಗಡು ಹೊಡೆದರು: ಬಿಳಿ ಕಾರಿನ ಓಣಿ.

ಹೆದ್ದಾರಿಯೊಂದನ್ನು ಬಿಟ್ಟರೆ ನಮ್ಮೂರಿನ ದಾರಿಗಳೆಲ್ಲ ಬಂದದ್ದು ಹೀಗೇ. ಹಸಿರು ಜೀಪಿನ ಓಣಿ ಇದೆ, ಡಾಕ್ಟರ ಕಾರಿನ ಓಣಿ ಇದೆ. ಹಾಲಿನ ವ್ಯಾನಿನ ಓಣಿ ನಡುವೆ ಕವಲೊಡೆದು ಒಂದು ಕಡೆ ಬಡಗಿಗಳು, ಇನ್ನೊಂದು ಕಡೆ ಹೂವಿನವರು ಇದ್ದಾರೆ. ಊರಿಗೆ ನಕ್ಷೆ ಇಲ್ಲ. ಒಮ್ಮೆ ಮಾಡಿಸಿದ್ದರಂತೆ. ಅದು ಅಚ್ಚಾಗಿ ಬರುವಷ್ಟರಲ್ಲಿ ಯಾರೋ ಗಾಡಿಯನ್ನು ಮರಕ್ಕೆ ಗುದ್ದಿಸಿ ಊರಿನ ಅರ್ಧ ಭಾಗ ಬದಲಾಗಿತ್ತು ಎಂದು ಹಿರಿಯರು ಹೇಳುತ್ತಾರೆ. ಆ ನಕ್ಷೆಯನ್ನು ನಾನು ನೋಡಿಲ್ಲ.

ಗುರುತು ಬಿರುಕಾಯಿತು. ಬಿಸಿಲಲ್ಲಿ ಕಾದ ಗಾಜಿಗೆ ಒಂದು ಮಧ್ಯಾಹ್ನ ಮಳೆ ಬಿದ್ದು ಗೇಣುದ್ದ ಬೆಳೆಯಿತು. ರಸ್ತೆಯ ಉಬ್ಬು ಹಾರಿದಾಗೊಮ್ಮೆ ಇನ್ನಷ್ಟು. ಚೌಕದಿಂದ ಹೊರಟ ಓಣಿ ಅಷ್ಟಷ್ಟೇ ಉದ್ದವಾಗುತ್ತ ಹೋಯಿತು, ಎರಡೂ ಬದಿ ಮನೆ ಕಟ್ಟುವಷ್ಟು ಜಾಗ ಬಿಡುತ್ತ. ಮೊದಲು ಬಂದವನು ಓಂಕಾರಪ್ಪ ಎಂಬ ದರ್ಜಿ, ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತುಕೊಂಡು. ಆಮೇಲೆ ಒಂದೊಂದೇ ಸಂಸಾರ. ಕಟ್ಟಕಡೆಗೆ, ಬಿರುಕು ನನ್ನ ಕಣ್ಣೆದುರಿಗೆ ಬಂದು ನಿಂತ ಕಾಲಕ್ಕೆ, ಓಣಿಯ ತುದಿಯಲ್ಲಿ ದುಗ್ಗಕ್ಕ ಮನೆ ಮಾಡಿದಳು.

ದುಗ್ಗಕ್ಕ ಹಪ್ಪಳ, ಸಂಡಿಗೆ, ಶ್ಯಾವಿಗೆ ಮಾಡಿ ಮಾರುವವಳು. ಐವತ್ತು ದಾಟಿದ ಒಂಟಿ ಹೆಂಗಸು. ಹಿಂದೆ ಅವಳಿದ್ದದ್ದು ಗಿರಣಿಯ ಹಿಂದಿನ ವಠಾರದ ನಡುಮನೆಯಲ್ಲಿ. ಮುಂದಿನ ಮನೆಯವರು ಹಿತ್ತಲ ನಲ್ಲಿಗೆ ಹೋಗಬೇಕಾದರೆ ಇವಳ ಕೋಣೆಯ ಮೂಲಕವೇ ಹೋಗಬೇಕು. ಮದುವೆಯಾಗಿ ಬಂದ ದಿನದಿಂದ ಗಂಡ ತೀರಿಕೊಂಡ ಎಷ್ಟೋ ವರ್ಷದವರೆಗೂ ಜನ ಬಿಂದಿಗೆ ಹಿಡಿದು ಅವಳು ಉಣ್ಣುವಾಗ, ಮಲಗಿದಾಗ, ತಲೆ ಬಾಚುವಾಗ ದಾಟಿ ಹೋಗಿದ್ದಾರೆ. ಓಣಿಯ ಕೊನೆಯ ಮನೆ ಸಿಕ್ಕಿದಾಗ ಅವಳು ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ನನ್ನ ಮನೆ ಆಚೆಗೆ ಏನೂ ಇಲ್ಲ ಕಣ್ರಪ್ಪ. ಗೋಡೆ ಐತೆ."

ಆ ಓಣಿಗೆ ಬಿಸಿಲು ಬರಬೇಕಾದರೆ ನನ್ನ ಕಾರು ಬಿಸಿಲಲ್ಲಿ ನಿಲ್ಲಬೇಕು. ನಾನು ವೈಪರ್ ಹಾಕಿದರೆ ಓಣಿಯುದ್ದಕ್ಕೂ ಒಂದು ಗಾಳಿ ಹೋಗಿ ಹಿಂದಕ್ಕೆ ಬರುತ್ತದೆ. ಕಸ, ದಾರದ ತುಂಡು, ಒಮ್ಮೊಮ್ಮೆ ಹಗ್ಗದ ಮೇಲಿನ ಟವೆಲ್ಲು, ಎಲ್ಲ ಮಂಡಿಯ ಕಡೆಗೆ ಬಂದು ಬೀಳುತ್ತವೆ. ಹಾಗಾಗಿ ಬೆಳಿಗ್ಗೆ ಹೊರಡುವ ಮೊದಲು ಎರಡು ಸಲ ವೈಪರ್ ಹಾಕುವುದು ನನ್ನ ಕೆಲಸವಾಯಿತು. ಕಾರು ಓಡುವಾಗ ಓಣಿ ಅಲುಗಾಡುತ್ತದೆಯೇ ಎಂದು ಹೊರಗಿನವರು ಕೇಳುತ್ತಾರೆ. ಇಲ್ಲ. ನಾನು ಗುಂಡಿಗೆ ಇಳಿಸಿದಾಗ ಕಪಾಟಿನ ಲೋಟಗಳು ಸಣ್ಣಗೆ ಸದ್ದು ಮಾಡುತ್ತವೆ ಎಂದು ಓಂಕಾರಪ್ಪ ಹೇಳಿದ್ದುಂಟು.

ನಾನು ದಿನವೂ ನಾಲ್ವರು ಶಿಕ್ಷಕಿಯರನ್ನು ಗುಡ್ಡದಾಚೆಯ ಶಾಲೆಗೆ ಕರೆದೊಯ್ದು ಸಂಜೆ ವಾಪಸು ತರುತ್ತಿದ್ದೆ. ಹೊರಡುವ ಹೊತ್ತಿಗೆ ದುಗ್ಗಕ್ಕ ನನ್ನ ಮನೆಯ ಬಾಗಿಲಲ್ಲಿ ಬಂದು ನಿಲ್ಲುವಳು.

"ಶಂಭಣ್ಣ, ಇವತ್ತು ಮರದ ಕೆಳಗೆ ನಿಲ್ಲಿಸ್ಬ್ಯಾಡ. ಸಂಡಿಗೆ ಹಾಕಿದೀನಿ."

"ಮೇಡಮ್ಮೋರು ಸೀಟು ಸುಡುತ್ತೆ ಅಂತಾರೆ ಅಕ್ಕ."

"ಸೀಟಿನ ಮೇಲೆ ಟವೆಲ್ ಹಾಸು. ಸಂಡಿಗೆ ಮೇಲೆ ಟವೆಲ್ ಹಾಸಿದ್ರೆ ಒಣಗುತ್ತಾ?"

ಸಂಜೆ ಬಂದಾಗ ಡ್ಯಾಶ್‌ಬೋರ್ಡಿನಿಂದ ಜೀರಿಗೆ, ಹಸಿಮೆಣಸಿನಕಾಯಿಯ ವಾಸನೆ ಬರುತ್ತಿತ್ತು. ಶಿಕ್ಷಕಿಯರಿಗೆ ಹಸಿವಾಗುತ್ತಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಬಿರುಕಿನ ತುದಿ ಈಗ ಸರಿಯಾಗಿ ನಾನು ರಸ್ತೆ ನೋಡುವ ಜಾಗದಲ್ಲಿತ್ತು. ಒಂದು ಸಂಜೆ ಶಾಲೆಯಿಂದ ವಾಪಸು ಬರುವಾಗ ಸೂರ್ಯ ಎದುರಿಗೆ ಬಂದ. ರಸ್ತೆಯ ಮೇಲೆ ಕೊಡೆ ಹಿಡಿದ ಮುದುಕನೊಬ್ಬ ನಡೆದು ಬರುತ್ತಿದ್ದ. ಬಿರುಕು ಅವನನ್ನು ಇಬ್ಬರನ್ನಾಗಿ ಮಾಡಿ ತೋರಿಸಿತು, ಎಡಕ್ಕೊಬ್ಬ, ಬಲಕ್ಕೊಬ್ಬ. ಇಬ್ಬರೂ ಒಂದೇ ಹೆಜ್ಜೆ ಹಾಕುತ್ತಿದ್ದರು. ನಾನು ಎಡಗಡೆಯವನನ್ನು ತಪ್ಪಿಸಿದೆ. ಎಡಗಡೆ ಯಾರೂ ಇರಲಿಲ್ಲ. ಬಲಗಡೆಯ ಕನ್ನಡಿಗೆ ಕೊಡೆ ತಗುಲಿ ಹಾರಿಹೋಯಿತು. ಇಳಿದು ನೋಡಿದರೆ ಮುದುಕ ರಸ್ತೆಯ ಅಂಚಿನಲ್ಲಿ ಕುಳಿತು ತನ್ನ ಕೈ ಕಾಲುಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಏನೂ ಆಗಿರಲಿಲ್ಲ. ಕೊಡೆಯನ್ನು ಹೊಲದಿಂದ ತಂದುಕೊಟ್ಟೆ.

ಊರಿಗೆ ಬಂದು ಇಳಿಯುವಾಗ ಪ್ರಮೀಳಾ ಟೀಚರ್, ನಾಲ್ವರಲ್ಲಿ ಹಿರಿಯರು, ಬಾಗಿಲು ಹಿಡಿದುಕೊಂಡೇ ಹೇಳಿದರು: "ಶಂಭಣ್ಣ, ಬೇಜಾರು ಮಾಡ್ಕೋಬೇಡಿ. ಗ್ಲಾಸು ಬದಲಾಯಿಸೋವರ್ಗೂ ನಾವು ಬಸ್ಸಲ್ಲಿ ಹೋಗ್ತೀವಿ."

"ಬದಲಾಯಿಸಿದ್ರೆ ಓಣಿ..."

"ಗೊತ್ತು. ನನ್ನ ರವಿಕೆನೂ ಓಂಕಾರಪ್ಪನೇ ಹೊಲಿಯೋದು. ಆದ್ರೆ ಇವತ್ತು ಆ ಅಜ್ಜ ಹೋಗಿದ್ರೆ?"

ಕಾರನ್ನು ಮನೆಯ ಮುಂದೆ ನಿಲ್ಲಿಸಿದೆ. ಬೆಳಿಗ್ಗೆ ವೈಪರ್ ಹಾಕಿದೆ, ಎಲ್ಲಿಗೂ ಹೋಗಲಿಲ್ಲ.

ಗಾಜು ಬದಲಾಯಿಸುವುದೆಂದರೆ ನಮ್ಮೂರಿನವರಿಗೆ ಮೊದಲು ನೆನಪಾಗುವುದು ಒಂದು ಲಾರಿಯ ಓಣಿ. ಅದರ ಮಾಲೀಕ ಖರ್ಚು ಉಳಿಸಲು ಗಾಜನ್ನು ಒಳಗಿನಿಂದ ಕಾಲಲ್ಲಿ ಒದ್ದು ತೆಗೆಸಿದ. ಅಗ್ಗದ ರೀತಿ ಅದೇ. ಎಲ್ಲ ಗ್ಯಾರೇಜಿನಲ್ಲೂ ಹಾಗೇ ಮಾಡುತ್ತಾರೆ. ಗಾಜು ನುಚ್ಚಾಯಿತು. ಗಾಜು ತೆಗೆಯುವ ದಿನ ಓಣಿಯವರೆಲ್ಲ ಸಾಮಾನು ಸಮೇತ ಹೊರಗೆ ಬಂದು ನಿಲ್ಲುವುದು ಪದ್ಧತಿಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಮಧ್ಯಾಹ್ನ ಅವರು ತಿರುಗಿ ನೋಡಿದಾಗ ಗೋಡೆ ಮಾತ್ರ ಇತ್ತು. ಮಂಚ, ಒರಳು, ಕಪಾಟು ಇಟ್ಟುಕೊಂಡು ಆ ಗೋಡೆಯ ಮುಂದೆ ಅವರು ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಾಕ್ಟರ ಕಾರು ಗುಜರಿಗೆ ಹೋದರೂ ಅದರ ಗಾಜನ್ನು ಇಡಿಯಾಗಿ ತೆಗೆದು ವಾಚನಾಲಯದ ಪಡಸಾಲೆಯಲ್ಲಿ ಒರಗಿಸಿಟ್ಟಿದ್ದಾರೆ. ಆ ಓಣಿ ಇವತ್ತಿಗೂ ಇದೆ, ಸ್ವಲ್ಪ ಮಬ್ಬು ಬೆಳಕಿನಲ್ಲಿ.

ಗಾಜಿನ ಕೆಲಸಕ್ಕೆ ನಮ್ಮಲ್ಲಿ ಹೆಸರುವಾಸಿ ಜಬ್ಬಾರ್. ಕೆಲಸದಷ್ಟೇ ಮಾತು. ಬಂದವನೇ ಗಾಜಿನ ಸುತ್ತ ಎರಡು ಸುತ್ತು ಹಾಕಿ ಬೀಡಿ ಹಚ್ಚಿದ.

"ಕಂಪನಿ ಗ್ಲಾಸು ಪಟ್ಟಣದಿಂದ ತರಿಸ್ಬೋದು. ಆದ್ರೆ ಆ ಬೆಲೆಗೆ ಇನ್ನೊಂದು ಸ್ವಲ್ಪ ಹಾಕಿದ್ರೆ ಈ ಕಾರಿನಂಥದ್ದೇ ಇನ್ನೊಂದು ಕಾರು ಬರುತ್ತೆ, ಗ್ಲಾಸು ಸಮೇತ. ಮೇಲಾಗಿ ಹಳೇದನ್ನ ಅವ್ರೇ ತಗಂಡು ಹೋಗ್ತಾರೆ. ಒಡೀತಾರೆ."

"ಬಿರುಕಿಗೆ ಅಂಟು ತುಂಬ್ತಾರಲ್ಲ, ಅದು?"

"ಕಾಳಿನಷ್ಟಿದ್ದಾಗ ಬಂದಿದ್ರೆ ತುಂಬ್ತಿದ್ದೆ. ಈಗ ಅಂಟು ತುಂಬಿದ್ರೆ ಓಣಿಯೋರು ಎಲ್ಲಿ ನಿಂತಾರೋ ಅಲ್ಲೇ ನಿಲ್ತಾರೆ, ನೊಣ ಬೆಲ್ಲದಲ್ಲಿ ಸಿಕ್ಕಂಡಂಗೆ. ಗುಜರಿಲಿ ಹುಡುಕನ. ಈ ಮಾಡೆಲ್ಲು ಸಿಗುತ್ತೆ. ಹಳೇದನ್ನ ರಬ್ಬರ್ ಕುಯ್ದು ಇಡಿಯಾಗಿ ತೆಗೀತೀನಿ. ಬರುತ್ತೆ. ನನ್ನ ಕೈಯಲ್ಲಿ ಬರ್ದೇ ಇರೋ ಗ್ಲಾಸೇ ಇಲ್ಲ."

ಓಣಿಯವರು ಓಂಕಾರಪ್ಪನ ಜಗಲಿಯ ಮೇಲೆ ಸೇರಿದರು. ಎತ್ತಿ ಹೊರುವ ಕೆಲಸವೆಲ್ಲ ಅವರದು, ಗುಜರಿ ಗಾಜಿನ ಬೆಲೆ ನನ್ನದು, ಹೊಸ ರಬ್ಬರು ಇಬ್ಬರದೂ ಎಂದಾಯಿತು. ತೆಗೆದ ಗಾಜನ್ನು ಮಂಡಿಯ ತೂಕದ ಅಂಗಳದಲ್ಲಿ, ಪೂರ್ವಕ್ಕೆ ಮುಖ ಮಾಡಿ, ತಗಡಿನ ಸೂರಿನ ಕೆಳಗೆ ನಿಲ್ಲಿಸುವುದು. ವೈಪರ್ ಬದಲು ಮನೆಗೊಬ್ಬರಂತೆ ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಎಲ್ಲರೂ ಒಪ್ಪಿದರು. ದುಗ್ಗಕ್ಕ ಮಾತ್ರ ಕೊನೆಗೆ ಜಬ್ಬಾರನನ್ನು ಕೇಳಿದಳು: "ತೆಗೆಯುವಾಗ ಬಿರುಕು ಮುಂದಕ್ಕೆ ಹೋದ್ರೆ?"

"ಹೋಗಲ್ಲ ಅಕ್ಕ."

"ಹೋದ್ರೆ ಅಂದೆ."

"ಮುಂದಕ್ಕೆ ಇರೋದು ನಿಮ್ಮನೆ. ಅದಕ್ಕೇ ಹೋಗಲ್ಲ ಅಂದೆ."

ಗುಜರಿಗೆ ನಾವು ನಾಲ್ವರೂ ಹೋದೆವು, ಜಬ್ಬಾರ್, ಓಂಕಾರಪ್ಪ, ದುಗ್ಗಕ್ಕ, ನಾನು. ಊರಿನ ಹೊರಗೆ ಹುಣಸೆಮರಗಳ ನಡುವೆ ಗಾಜುಗಳನ್ನು ಒಂದಕ್ಕೊಂದು ಒರಗಿಸಿಟ್ಟಿದ್ದರು. ಮರಗಳೆಲ್ಲ ಅದರಲ್ಲಿ ಎಷ್ಟೋ ಸಲ ಕಾಣುತ್ತಿದ್ದವು, ಗಾಳಿ ಬಂದಾಗ ಒಂದಾದ ಮೇಲೊಂದು ಅಲುಗುತ್ತಿದ್ದವು. ಹಳೆಯ ಗಾಜು ಕೊಳ್ಳುವಾಗ ನಮ್ಮಲ್ಲಿ ಕಣ್ಣನ್ನು ನಂಬುವುದಿಲ್ಲ. ಕೂದಲೆಳೆಯಷ್ಟು ಗೀರಿದ್ದರೂ ಅದು ಯಾರದೋ ದಾರಿ. ಕಿವಿಯಿಟ್ಟು ಕೇಳಬೇಕು.

ಮೊದಲು ಸಿಕ್ಕ ಗಾಜು ಸರಿಯಾದ ಅಳತೆಯದು, ನೋಡಲು ಚೊಕ್ಕ. ನಾನು ಕಿವಿಯಿಟ್ಟೆ. ತಣ್ಣಗಿತ್ತು. ಬಹಳ ದೂರದಿಂದ ಕುಕ್ಕರ್ ಕೂಗಿತು. ಹುಡುಗಿಯೊಬ್ಬಳು ಏಳರ ಮಗ್ಗಿ ಹೇಳುತ್ತಿದ್ದಳು. ಏಳೆಂಟಲ ಎನ್ನುವಲ್ಲಿ ನಿಂತು, ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಅದರ ಕಾರಿನೋರು ಊರು ಬಿಟ್ರು," ಗುಜರಿಯವನು ಹೇಳಿದ. "ಓಣಿಯೋರು ಇನ್ನೂ ಅವ್ರೆ. ಮಳೆಗೆ ಅಂತ ಗೋಣಿ ಮುಚ್ಚಿರ್ತೀನಿ. ಬೆಳಿಗ್ಗೆ ಒಂದಿಷ್ಟು ಹೊತ್ತು ತೆಗೀತೀನಿ, ಬಟ್ಟೆ ಒಣಗಿಸ್ಕಳ್ಳಲಿ ಅಂತ."

"ಮಳೆ ಎಲ್ಲೈತೆ?" ದುಗ್ಗಕ್ಕ ಗೋಣಿಯನ್ನು ಎತ್ತಿ ದೂರ ಎಸೆದಳು. "ದಿನಾ ತೆಗಿ. ಮಗ್ಗಿ ಕಲಿಯೋ ಮಗು ಕತ್ತಲಲ್ಲಿ ಕೂರ್ಬೇಕಾ? ನಾನು ಬಂದು ನೋಡ್ತೀನಿ."

ಬಹಳ ಹೊತ್ತು ಹುಡುಕಿದೆವು. ಒಂದರಲ್ಲಿ ನಾಯಿ ಬೊಗಳಿತು. ಇನ್ನೊಂದರಲ್ಲಿ ಯಾರೋ ಜಗಳವಾಡುತ್ತಿದ್ದರು. ಓಂಕಾರಪ್ಪ ಅಲ್ಲೇ ಕಿವಿ ಅಂಟಿಸಿಕೊಂಡು ನಿಂತುಬಿಟ್ಟ. "ಬಾರೋ, ಬ್ಯಾರೇರ ಮನೆ ಸುದ್ದಿ ನಿಂಗ್ಯಾಕೆ?" ಎಂದು ದುಗ್ಗಕ್ಕ ಅವನ ತೋಳು ಹಿಡಿದು ಎಳೆದಳು. ಕೊನೆಗೆ ಹುಲ್ಲಿನಲ್ಲಿ ಮಲಗಿಸಿದ್ದ ಒಂದು ಗಾಜು ಸಿಕ್ಕಿತು. ನಾಲ್ವರೂ ಸರದಿಯಂತೆ ಕಿವಿಯಿಟ್ಟೆವು. ಏನೂ ಇಲ್ಲ. ಆಳವಾದ ಬಾವಿಯೊಳಗಿನಂಥ ಮೌನ. ಅದನ್ನೇ ಕೊಂಡೆವು.

ಗಾಜು ತೆಗೆಯುವ ದಿನ ಮಂಡಿಗೆ ರಜೆ. ಕಾರನ್ನು ತೂಕದ ಅಂಗಳಕ್ಕೆ ತಂದು ನಿಲ್ಲಿಸಿದೆ. ಓಣಿಯವರು ಬೆಳಿಗ್ಗೆಯೇ ಸಾಮಾನು ಸಾಗಿಸಿದ್ದರು. ಅಂಗಳದ ತುಂಬ ಹಾಸಿಗೆ ಸುರುಳಿ, ಒರಳು, ತೊಟ್ಟಿಲು, ಓಂಕಾರಪ್ಪನ ಯಂತ್ರ. ಯಾರದೋ ಗೋಡೆ ಗಡಿಯಾರವನ್ನು ತಕ್ಕಡಿಯ ಕೊಕ್ಕೆಗೆ ನೇತುಹಾಕಿದ್ದರು. ದುಗ್ಗಕ್ಕ ಎಲ್ಲರಿಗಿಂತ ಕೊನೆಗೆ ಬಂದಳು, ಶ್ಯಾವಿಗೆ ಮಣೆಯೊಂದನ್ನೇ ಹಿಡಿದುಕೊಂಡು. "ಉಳಿದದ್ದು ಇರ್ಲಿ ಬಿಡು. ಜಬ್ಬಾರಣ್ಣ ಬರುತ್ತೆ ಅಂದವ್ನಲ್ಲ" ಎಂದಳು.

ಜಬ್ಬಾರ್ ಸೋಪಿನ ನೀರು ಹಾಕಿ, ಓಂಕಾರಪ್ಪನ ಬ್ಲೇಡಿನಿಂದ ರಬ್ಬರಿನ ತುಟಿಯನ್ನು ನಿಧಾನವಾಗಿ ಕೊಯ್ಯುತ್ತ ಬಂದ. ಗಾಜಿನ ಎರಡೂ ಕಡೆ ಓಣಿಯ ಗಂಡಸರು ಅಂಗೈ ಒತ್ತಿ ಹಿಡಿದಿದ್ದರು. ಮೇಲಿನ ಅಂಚು ಬಿಟ್ಟಿತು. ಎಡ ಅಂಚು ಬಿಟ್ಟಿತು. ಕೆಳಗಿನದು ಮುಗಿಯುವ ಹೊತ್ತಿಗೆ ಟಿಕ್ ಎಂದಿತು. ಬಿರುಕಿನ ತುದಿ ಬೆರಳಗಲ ಮುಂದೆ ಹೋಗಿತ್ತು. ಅದೇ ಗಳಿಗೆಯಲ್ಲಿ ಓಣಿಯೊಳಗಿಂದ ಪಾತ್ರೆಯೊಂದು ಬಿದ್ದು ಉರುಳುತ್ತ ಉರುಳುತ್ತ ನಿಂತ ಸದ್ದು ಬಂತು.

"ನನ್ನ ದಬರಿ," ದುಗ್ಗಕ್ಕ ಹೇಳಿದಳು.

ಜಬ್ಬಾರ್ ಬ್ಲೇಡು ಕೆಳಗಿಟ್ಟ. ಕಾರಿನ ಗಾಜಿನ ಬಲಗಡೆಯ ಕಂಬವನ್ನು ಕೈಯಲ್ಲಿ ಸವರಿ, ಒಂದು ಕಣ್ಣು ಮುಚ್ಚಿ ನೋಡಿದ. "ಬಾಡಿ ಸೊಟ್ಟ ಐತೆ ಶಂಭಣ್ಣ. ಈ ಗ್ಲಾಸನ್ನ ಇಷ್ಟು ವರ್ಷ ಅದುಮಿ ಹಿಡ್ಕಂಡಿತ್ತು. ನಾನು ನೋಡ್ಲಿಲ್ಲ."

"ನೋಡ್ದೇನೇ ಬರುತ್ತೆ ಬರುತ್ತೆ ಅಂದ್ಯಲ್ಲೋ!" ಓಂಕಾರಪ್ಪ ಕೂಗಿದ.

"ಅಂದೆ. ಈಗ ಎತ್ತಿದ್ರೆ ಓಡುತ್ತೆ. ಎತ್ತದೇ ಹಂಗೇ ಬಿಟ್ರೂ ಸಂಜೆ ಒಳಗೆ ಓಡುತ್ತೆ. ತಾನಾಗಿ ಓಡಿದ್ರೆ ನೂರು ಕವಲು ಒಡೆದು ಜೇಡರಬಲೆ ಆಗುತ್ತೆ. ಆಗ ಎಲ್ಲ ಹೋಯ್ತು. ಗೀಟು ಹಾಕಿ ದಾರಿ ತೋರ್ಸಿದ್ರೆ ನೆಟ್ಟಗೆ ಅಂಚಿಗೆ ಹೋಗಿ ನಿಲ್ಲುತ್ತೆ. ಆಮೇಲೆ ಎತ್ಬೋದು, ಎಲ್ಲಿ ಬೇಕಾದ್ರೂ ಇಡ್ಬೋದು."

"ಬಿರುಕಿನ ತುದಿಗೆ ಒಂದು ತೂತು ಹಾಕಿದ್ರೆ ನಿಲ್ಲುತ್ತೆ ಅಂತಾರಲ್ಲ?" ಎಂದ ಓಂಕಾರಪ್ಪ.

"ನಿಲ್ಲುತ್ತೆ. ಅಕ್ಕನ ಮನೆ ನಡುವೆ ಬಾವಿ ಆಗುತ್ತೆ."

"ಬಾವಿ ಬ್ಯಾಡಪ್ಪ," ದುಗ್ಗಕ್ಕ ತಟ್ಟನೆ ಹೇಳಿದಳು. "ಬಾವಿ ಆದ್ರೆ ಊರೆಲ್ಲ ಬಿಂದಿಗೆ ಹಿಡ್ಕಂಡು ಬರುತ್ತೆ."

ಗಂಡಸರು ಇನ್ನೂ ಗಾಜನ್ನು ಒತ್ತಿ ಹಿಡಿದೇ ಇದ್ದರು. ಎಲ್ಲರೂ ದುಗ್ಗಕ್ಕನ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು. ತೊಟ್ಟಿಲಿನ ಮಗು ಎದ್ದು ಅತ್ತಿತು, ಅದರ ತಾಯಿ ಕಾಲಿನಿಂದಲೇ ತೂಗಿದಳು.

"ಶಂಭಣ್ಣ, ನೀನೇನಂತೀಯ?" ದುಗ್ಗಕ್ಕ ಕೇಳಿದಳು.

ನಾನು ಗೊತ್ತಿದ್ದಷ್ಟನ್ನು ಹೇಳಿದೆ. ಗೀಟು ಹಾಕಿದರೆ ಓಣಿ ಉಳಿಯುತ್ತದೆ, ಅವಳ ಮನೆಯ ನಡುವೆ ದಾರಿ ಬೀಳುತ್ತದೆ. ಹಾಕದಿದ್ದರೆ ಯಾರ ಮನೆಯೂ ಉಳಿಯಲಿಕ್ಕಿಲ್ಲ. ಅಂಚು ಮುಟ್ಟಿದ ಓಣಿ ನಮ್ಮೂರಿನಲ್ಲಿ ಇದುವರೆಗೆ ಇಲ್ಲ. ಅದರಾಚೆ ಏನಿದೆಯೋ ಯಾರಿಗೂ ತಿಳಿಯದು.

"ಪೇಪರ್ ಓದಿದಂಗೆ ಹೇಳ್ತೀಯಲ್ಲಪ್ಪ," ಎಂದಳು. ಕೋಪವಿರಲಿಲ್ಲ. ಶ್ಯಾವಿಗೆ ಮಣೆಯನ್ನು ನನ್ನ ಕೈಗೆ ಕೊಟ್ಟಳು. "ಒಂದು ಗಳಿಗೆ ಇರ್ರಿ. ಒಲೆ ಒಂದು ಕಡೆ ಮಾಡ್ಬೇಕು, ಹಾಸಿಗೆ ಒಂದು ಕಡೆ."

ಗಾಜು ಬಿಚ್ಚಿರುವಾಗ ಯಾರೂ ಓಣಿಯೊಳಗೆ ಕಾಲಿಡಬಾರದು. ಅವಳು ಹೋಗಿಯೇ ಹೋದಳು. ಅವಳ ಬೆನ್ನು ತಿರುವಿನಲ್ಲಿ ಮರೆಯಾದ ಮೇಲೆ ಜಬ್ಬಾರ್ ನನಗೆ ಸನ್ನೆ ಮಾಡಿದ. ನಾನು ಕಾರಿನ ಮುಂಭಾಗಕ್ಕೆ ಬಗ್ಗಿ ಬಿರುಕಿನ ತುದಿಗೆ ಕಿವಿಯಿಟ್ಟೆ. ಇಷ್ಟು ವರ್ಷ ಎದುರಿಗೇ ಇಟ್ಟುಕೊಂಡು ಓಡಾಡಿದ ಮನೆಯನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು. ಬಳೆಯ ಸದ್ದು. ಒಲೆಯನ್ನು ನೆಲದ ಮೇಲೆ ಎಳೆದ ಸದ್ದು. ಡಬ್ಬಗಳು ಒಂದರ ಮೇಲೊಂದು. ನಡುವೆ ಅವಳು ಏನೋ ಗುನುಗುತ್ತಿದ್ದಳು, ಪದಗಳಿರಲಿಲ್ಲ, ಮಗು ಮಲಗಿಸುವಾಗಿನ ಹಾಗೆ. ಮಂಚ ಕಿರುಗುಟ್ಟಿತು. ಆಮೇಲೆ ದನಿ ಬಹಳ ಹತ್ತಿರ ಬಂತು, ಗಾಜಿಗೆ ಬಾಯಿಟ್ಟ ಹಾಗೆ.

"ಒಲೆ ಬಲಕ್ಕಿಟ್ಟೆ, ಹಾಸಿಗೆ ಎಡಕ್ಕೆ. ನಡುವೆ ಎಳೀಲಿ. ನೆಟ್ಟಗೆ."

ಹೇಳಿದೆ. ಜಬ್ಬಾರ್ ಗಾಜು ಕೊಯ್ಯುವ ಚಕ್ರವನ್ನು ಎಣ್ಣೆಯಲ್ಲಿ ಅದ್ದಿ ಎತ್ತಿದ. "ಅಕ್ಕ ಈಚೆ ಬಂತಾ?"

"ನಾನು ಬರಲ್ಲ," ಎಂದಿತು ದನಿ. "ಬರಲ್ಲ ಅಂತಾನೇ ಹೇಳು. ಬಂದೆ ಅಂತ ಸುಳ್ಳು ಹೇಳ್ಬ್ಯಾಡ."

ಅದನ್ನೂ ಹಾಗೆಯೇ ಹೇಳಿದೆ. ಜಬ್ಬಾರ್ ಚಕ್ರವನ್ನು ಬಾನೆಟ್ಟಿನ ಮೇಲಿಟ್ಟು ಹಿಂದೆ ಸರಿದ. ಓಂಕಾರಪ್ಪ ಓಣಿಯ ಬಾಯಿಗೆ ಓಡಿ, "ಹುಚ್ಚು ಹಿಡಿದೈತೇನಕ್ಕ ನಿಂಗೆ? ಬಾ ಈಚೆಗೆ!" ಎಂದು ಕೂಗಿಕೊಂಡ. ಅವಳ ಉತ್ತರ ನನ್ನೊಬ್ಬನ ಕಿವಿಗೆ ಬಿತ್ತು.

"ಏನಂತೆ?" ಜಬ್ಬಾರ್ ಕೇಳಿದ.

"ತಾನು ಒಳಗಿದ್ರೆ ನೀನು ಹುಷಾರಾಗಿ ಎಳೀತೀಯಂತೆ."

ಜಬ್ಬಾರ್ ಬೀಡಿಯನ್ನು ನೆಲಕ್ಕೆ ಹಾಕಿ ತುಳಿದ. ಕೈಯನ್ನು ಅಂಗಿಗೆ ಒರೆಸಿಕೊಂಡ, ಎರಡು ಸಲ. ಬಿರುಕಿನ ತುದಿಯಿಂದ ಅಂಚಿನವರೆಗೆ ಅವನು ಗೀಟು ಎಳೆದಾಗ ದಪ್ಪ ಬಟ್ಟೆಯನ್ನು ದೂರದಲ್ಲಿ ಯಾರೋ ಹರಿದಂಥ ಸದ್ದು ಬಂತು. ಆಮೇಲೆ ಬೆರಳ ಗಿಣ್ಣಿನಿಂದ ಒಂದೇ ಸಲ, ಬಾಗಿಲು ತಟ್ಟುವಂತೆ, ತಟ್ಟಿದ.

ಬಿರುಕು ಓಡಿತು. ನೀರು ಹರಿದ ಹಾಗೆ ಗೀಟಿನ ಮೇಲೇ ಹೋಗಿ ಅಂಚು ಮುಟ್ಟಿ ನಿಂತಿತು. ಗಾಜು ಗಂಡಸರ ಅಂಗೈಗಳ ನಡುವೆ ಒಮ್ಮೆ ಉಸಿರು ಬಿಟ್ಟಂತೆ ಸಡಿಲವಾಯಿತು. ಒಡೆಯಲಿಲ್ಲ. ನಾನು ಕಿವಿ ತೆಗೆದಿರಲಿಲ್ಲ. ಒಳಗೆ ಗಾಳಿ ಬೀಸುತ್ತಿತ್ತು, ನನ್ನ ವೈಪರಿನ ಗಾಳಿಯಲ್ಲ, ವಾಪಸು ಬರದ ಗಾಳಿ. ಬಳೆಯ ಸದ್ದು ಇರಲಿಲ್ಲ.

ಮಣೆಯನ್ನು ಬಗಲಲ್ಲಿಟ್ಟುಕೊಂಡೇ ನಾನು ಓಣಿಯೊಳಗೆ ಹೋದೆ. ಖಾಲಿ ಮನೆಗಳ ಬಾಗಿಲುಗಳೆಲ್ಲ ತೆರೆದಿದ್ದವು. ತುದಿಯಲ್ಲಿ ಸದಾ ಕಾಣುತ್ತಿದ್ದ ಗೋಡೆಯ ಬದಲು ಬೆಳಕಿತ್ತು. ದುಗ್ಗಕ್ಕನ ಮನೆ ನಡುವಿನಿಂದ ಎರಡಾಗಿತ್ತು. ಬಲಗಡೆ ಅಡಿಗೆ, ಎಡಗಡೆ ಮಂಚ, ನಡುವೆ ಎರಡು ಮಾರು ಅಗಲದ ದಾರಿ. ದಾರಿಯ ನೆಲ ಅವಳೇ ಸಾರಿಸಿದ್ದ ನೆಲ, ರಂಗೋಲಿಯ ಅರ್ಧ ಇನ್ನೂ ಅದರ ಮೇಲಿತ್ತು. ಅವಳು ಒಲೆಯ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಸೆರಗು ಗಾಳಿಗೆ ಹಾರುತ್ತಿತ್ತು. ನನ್ನನ್ನು ನೋಡಲಿಲ್ಲ, ಆಚೆ ನೋಡುತ್ತಿದ್ದಳು.

ಆಚೆಗೆ ಇಳಿಜಾರು ಬಯಲು ಇತ್ತು. ಆ ಬಯಲು ನಮ್ಮೂರಿನ ಸುತ್ತ ಎಲ್ಲೂ ಇಲ್ಲ. ಹಳದಿ ಹುಲ್ಲು, ಅದರ ನಡುವೆ ಒಂದು ಕಾಲುದಾರಿ, ಬಹಳ ದೂರದಲ್ಲಿ ಹೊಗೆ. ಕಾಲುದಾರಿಯಲ್ಲಿ ಒಬ್ಬ ಮನುಷ್ಯ ಬುಟ್ಟಿ ಹೊತ್ತು ಆಗಲೇ ನಡೆದು ಬರುತ್ತಿದ್ದ. ಈ ದಾರಿ ಇಲ್ಲೇ ಇರುತ್ತದೆಂದು ಮೊದಲಿನಿಂದ ಗೊತ್ತಿದ್ದವನ ಹಾಗೆ ಅವನ ನಡಿಗೆ ಇತ್ತು. ಮನೆಯ ಅಂಚಿಗೆ ಬಂದು ಒಂದು ಕಾಲು ಎತ್ತಿದ.

"ನಿಲ್ಲು," ಎಂದಳು ದುಗ್ಗಕ್ಕ.

ಅವನು ಕಾಲೆತ್ತಿಕೊಂಡೇ ನಿಂತ.

"ಚಪ್ಪಲಿ ಬಿಡು. ಇದು ಮನೆ."

ಅವನು ಅವಳನ್ನು ನೋಡಿದ, ಒಲೆಯನ್ನು ನೋಡಿದ, ಮಂಚವನ್ನು ನೋಡಿದ. ಬುಟ್ಟಿ ಇಳಿಸಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ತಲೆ ತಗ್ಗಿಸಿ ರಂಗೋಲಿ ತುಳಿಯದಂತೆ ಬದಿಯಿಂದ ದಾಟಿದ. ದಾಟಿದ ಮೇಲೆ ಮತ್ತೆ ಚಪ್ಪಲಿ ಹಾಕಿಕೊಂಡು ಮಂಡಿಯ ಕಡೆಗೆ ಹೋದ. ಬುಟ್ಟಿಯಲ್ಲಿ ಏನಿತ್ತೋ, ಎಲೆ ಮುಚ್ಚಿತ್ತು.

"ಮಣೆ ಕೊಡು," ಎಂದಳು ನನಗೆ. "ಮತ್ತೆ ನೀನು?"

ನಾನು ಕೆಳಗೆ ನೋಡಿದೆ. ಚಪ್ಪಲಿ ಹಾಕಿಕೊಂಡೇ ನಿಂತಿದ್ದೆ. ಬಿಚ್ಚಿದೆ.

ಗಾಜನ್ನು ಅಂಗಳದಲ್ಲಿ ನಿಲ್ಲಿಸಿದ್ದೇವೆ. ಕಾರಿಗೆ ಗುಜರಿಯ ಗಾಜು ಸರಿಯಾಗಿ ಕೂತಿದೆ. ಸೊಟ್ಟ ಕಂಬವನ್ನು ಜಬ್ಬಾರ್ ಕಾಸು ತೆಗೆದುಕೊಳ್ಳದೆ ನೆಟ್ಟಗೆ ಮಾಡಿಕೊಟ್ಟ. ಶಿಕ್ಷಕಿಯರು ಮತ್ತೆ ಬರುತ್ತಾರೆ. ಮರದ ಕೆಳಗೆ ನಿಲ್ಲಿಸುತ್ತೇನೆ. ಬಯಲಿನ ಕಡೆಯಿಂದ ಜನ ಬರುವುದು ಹೆಚ್ಚಾಗಿದೆ, ನಮ್ಮವರೂ ಆ ಕಡೆ ಹೋಗಿ ಬರುತ್ತಾರೆ. ಅವರ ಮಾತು ನಮ್ಮದೇ, ಆದರೆ ಸ್ವಲ್ಪ ಎಳೆದು ಆಡುತ್ತಾರೆ. ಸೈಕಲ್ಲಿನವರು ಸೈಕಲ್ಲನ್ನು ಹೆಗಲಿಗೇರಿಸಿ ದಾಟುತ್ತಾರೆ. ಇಲ್ಲಿಯವರೆಗೆ ಯಾರೂ ವಾದ ಮಾಡಿದ್ದನ್ನು ನಾನು ಕಂಡಿಲ್ಲ. ಪುರಸಭೆಯವರು ಬಂದು ಅದನ್ನು ರಸ್ತೆಯೆಂದು ಬರೆದುಕೊಳ್ಳಲು ಹೊರಟಾಗ ದುಗ್ಗಕ್ಕ ಅವರ ಬೂಟು ಬಿಚ್ಚಿಸಿ, ಕೂರಿಸಿ, ಸಂಡಿಗೆ ಕರಿದು ಕೊಟ್ಟಳಂತೆ. ತಗಡು ಹೊಡೆಯದೆ ಹೋದರು.

ಮೊನ್ನೆ ಮಧ್ಯಾಹ್ನ ನಾನು ಆ ಕಡೆ ಹೋದೆ. ದುಗ್ಗಕ್ಕ ಊಟಕ್ಕೆ ಕೂತಿದ್ದಳು, ಒಲೆಯ ಕಡೆಯಲ್ಲ, ಮಂಚದ ಕಡೆಯಲ್ಲ, ದಾರಿಯ ನಟ್ಟನಡುವೆ, ಚಾಪೆ ಹಾಕಿಕೊಂಡು. ಬಯಲಿನ ಕಡೆ ಹತ್ತಾರು ಜನ, ಊರಿನ ಕಡೆ ಹತ್ತಾರು ಜನ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅವಳು ಅವಸರ ಮಾಡಲಿಲ್ಲ. ಮಜ್ಜಿಗೆ ಹಾಕಿಕೊಂಡಳು, ಉಪ್ಪು ನೋಡಿದಳು, ಕಲಸಿದಳು. ನಾನು ಚಪ್ಪಲಿ ಬಿಚ್ಚಿಕೊಂಡು ಸಾಲಿನ ಕೊನೆಯಲ್ಲಿ ನಿಂತೆ.